ಬಾಣಕ್ಕೊಂದು ಆಸರೆ: ಹಂಟಿಂಗ್ ಬೋಗೆ ಆರೋ ರೆಸ್ಟ್ ಆರಿಸೋದು ಹೆಂಗ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಿಗೆ ಬಿಲ್ಲು ಅಂದಕೂಡಲೇ ಮೊದಲು ನೆನಪಾಗೋದು ಹಲಗಲಿ ಬೇಡರು. ಮುಧೋಳ ತಾಲ್ಲೂಕಿನ ಹಲಗಲಿಯ ಆ ಲಾವಣಿಯನ್ನು ನಾವು ಹೈಸ್ಕೂಲಿನಾಗ ಓದಿದ್ದೇವೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಬೇಕು ಅಂತ ಕಾಯ್ದೆ ತಂದಾಗ ಬೇಡರು ಒಪ್ಪಲಿಲ್ಲ. ಆ ಜಗಳದ ಕೊನೆಗೆ 19 ಮಂದಿ ಗಲ್ಲಿಗೇರಿದರು. ಬೇಟೆಯನ್ನೇ ಬದುಕು ಮಾಡಿಕೊಂಡವರಿಗೆ ಆಯುಧ ಅಂದ್ರ ಹೊಟ್ಟೆಪಾಡು, ಮರ್ಯಾದೆ ಎರಡೂ ಆಗಿತ್ತು.

ಈಗ ಬಿಲ್ಲು ಬ್ಯಾರೆ ದಾರಿಯಿಂದ ನಮ್ಮ ಹಾಸ್ಟೆಲ್‌ಗೆ ಬರ್ತದ. ಆನ್‌ಲೈನ್‌ನಾಗ ಕಾಂಪೌಂಡ್ ಬೋ ಹುಡುಕಿದರೆ ಹತ್ತರಲ್ಲಿ ಎಂಟಕ್ಕೆ ‘ಹಂಟಿಂಗ್’ ಅನ್ನೋ ಹಣೆಪಟ್ಟಿ ಇರ್ತದ. ಬಿಲ್ಲು ಒಂದು ಸಲ ಕೊಂಡರೆ ಮುಗೀತು ಅಂದ್ಕೊಂಡವರಿಗೆ ಆಮೇಲೆ ಗೊತ್ತಾಗೋದು: ಬಾಣ ಕೂಡಿಸೋಕೆ ಒಂದು ರೆಸ್ಟ್ ಬೇಕು, ಅದರಲ್ಲಿ ಹತ್ತಾರು ನಮೂನಿ, ಒಂದೊಂದಕ್ಕೂ ಒಂದೊಂದು ದರ. ತಪ್ಪು ರೆಸ್ಟ್ ತಗೊಂಡರೆ ದುಡ್ಡು ಹೋಗ್ತದ ಅಷ್ಟೇ ಅಲ್ಲ, ಎಳೆದ ಬಿಲ್ಲಿನಿಂದ ಬಾಣ ಜಾರಿ ಬಿದ್ದರೆ ಕೈಗೂ ಪೆಟ್ಟು. ಅದಕ್ಕ ಈ ಲೇಖನ. ಬ್ರ್ಯಾಂಡ್ ಹೆಸರು ಹೇಳೋದಿಲ್ಲ. ರೆಸ್ಟ್ ಹೆಂಗ ಕೆಲಸ ಮಾಡ್ತದ ಅನ್ನೋದು ತಿಳಿದರೆ ಯಾವುದು ಬೇಕು ಅನ್ನೋದನ್ನ ನೀವೇ ಆರಿಸ್ತೀರಿ.

ಮೊದಲು ಕಾನೂನು, ಆಮೇಲೆ ಮೆಕ್ಯಾನಿಕ್ಸ್

‘ಹಂಟಿಂಗ್ ಬೋ’ ಅಂತ ಹೆಸರಿದ್ದರೂ ಅದರಿಂದ ಬೇಟೆ ಆಡುವ ಹಾಗಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 9ನೇ ಕಲಂ ಬೇಟೆಯನ್ನು ನಿಷೇಧಿಸ್ತದ. ಕೊಂದರೆ ಮಾತ್ರ ಬೇಟೆ ಅಂತಲ್ಲ, ಕೊಲ್ಲುವ ಪ್ರಯತ್ನವನ್ನೂ ಕಾಯ್ದೆ ಬೇಟೆ ಅಂತಲೇ ಎಣಿಸ್ತದ. ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ. ಈ ಕಾಯ್ದೆ ‘ಆಯುಧ’ ಅನ್ನೋ ಪದಕ್ಕೆ ಕೊಟ್ಟ ವ್ಯಾಖ್ಯೆಯೊಳಗೆ ಬಿಲ್ಲು-ಬಾಣದ ಹೆಸರು ನೇರವಾಗಿಯೇ ಇದೆ. ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ವನ್ಯಜೀವಿಧಾಮದೊಳಗೆ ಕಾಲಿಡಬಾರದು ಅಂತ 31ನೇ ಕಲಂ ಹೇಳ್ತದ.

ನಮ್ಮ ಭಾಗಕ್ಕೆ ಇದು ದೂರದ ಮಾತಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ಹರಡಿಕೊಂಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಇದೆ. ಚಿಂಕಾರ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ. ಅದನ್ನು ಹೊಡೆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಹೊಸ ಬಿಲ್ಲು ಬಂತು ಅಂತ ಭಾನುವಾರ ಬೈಕ್ ಹತ್ತಿ ‘ಸುಮ್ನ ಗುಡ್ಡದಾಗ ಪ್ರಾಕ್ಟೀಸ್ ಮಾಡೋಣ’ ಅಂತ ಧಾಮದ ಗಡಿ ದಾಟಿದರೆ, ಬಾಣ ಬಿಡದಿದ್ದರೂ ಅಪರಾಧ ಆಗಿಬಿಡ್ತದ. ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕೋ ಹೊತ್ತಿಗೆ ಹೆಸರಿನ ಮೇಲೆ ಒಂದು ವನ್ಯಜೀವಿ ಕೇಸು ಯಾರಿಗೂ ಬ್ಯಾಡ.

ಹಂಗಾದ್ರ ಹಂಟಿಂಗ್ ಬೋ ಕೊಳ್ಳಲೇಬಾರದಾ? ಹಂಗೇನಿಲ್ಲ. ಮುಧೋಳ ನಾಯಿ ನೋಡ್ರಿ. ಬೇಟೆಗೆ ಅಂತಲೇ ಬೆಳೆಸಿದ ತಳಿ ಅದು. ಬೇಟೆ ನಿಂತಿತು, ನಾಯಿಯ ಗುಣ ನಿಲ್ಲಲಿಲ್ಲ. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ಇದೆ, ಭಾರತೀಯ ಸೈನ್ಯವೂ ಅದನ್ನು ತಗೊಂಡು ತರಬೇತಿ ಕೊಟ್ಟಿದೆ. ಬಿಲ್ಲಿನ ಕಥೆಯೂ ಹಂಗೇ. ಕಾಡಿಗೆ ಅಂತ ಮಾಡಿದ ಬಿಲ್ಲು ಮೈದಾನದಾಗ ಚೆನ್ನಾಗಿಯೇ ದುಡೀತದ. ಅಂತರ್ ವಿಶ್ವವಿದ್ಯಾಲಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್, ರಿಕರ್ವ್ ಜೊತೆಗೆ ಕಾಂಪೌಂಡ್ ವಿಭಾಗವೂ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆ ಸೇರಿದೆ. 2023ರಲ್ಲಿ ಬರ್ಲಿನ್‌ನಲ್ಲಿ ಮಹಿಳೆಯರ ಕಾಂಪೌಂಡ್ ವಿಶ್ವ ಚಾಂಪಿಯನ್ ಆದ ಅದಿತಿ ಸ್ವಾಮಿ ನಮ್ಮ ಪಕ್ಕದ ಮಹಾರಾಷ್ಟ್ರದ ಸಾತಾರಾದವರು. ಆಗ ಆಕೆಗೆ 17 ವರ್ಷ.

ಒಂದು ಎಚ್ಚರಿಕೆ. ಹಂಟಿಂಗ್ ಬೋಗಳು ಸಾಮಾನ್ಯವಾಗಿ 70 ಪೌಂಡ್ ಎಳೆತದವರೆಗೂ ಬರ್ತಾವ. ವರ್ಲ್ಡ್ ಆರ್ಚರಿ ನಿಯಮದ ಪ್ರಕಾರ ಕಾಂಪೌಂಡ್ ಸ್ಪರ್ಧೆಗೆ ಮಿತಿ 60 ಪೌಂಡ್. ಸ್ಪರ್ಧೆಯ ಆಸೆ ಇದ್ದವರು 60ಕ್ಕೆ ಇಳಿಸೋಕೆ ಬರುವಂಥ ಬಿಲ್ಲನ್ನೇ ನೋಡಬೇಕು.

ರೆಸ್ಟ್ ಕೆಲಸ ಮಾಡೋದು ಎಷ್ಟು ಹೊತ್ತು?

ಹಳೇ ಕಾಲದ ಬಿದಿರಿನ ಬಿಲ್ಲಿಗೆ ರೆಸ್ಟ್ ಇರಲಿಲ್ಲ. ಬಿಲ್ಲು ಹಿಡಿದ ಮುಷ್ಟಿಯೇ ರೆಸ್ಟ್. ಬಾಣ ಬೆರಳ ಗೆಣ್ಣಿನ ಮೇಲೆ ಕೂತು, ಕೈಯನ್ನು ಸವರಿಕೊಂಡೇ ಹೋಗೋದು. ಅದು ನಡೀತಿತ್ತು, ಯಾಕಂದ್ರ ಬಾಣದ ಹಿಂದೆ ಇದ್ದದ್ದು ಹಕ್ಕಿಯ ಗರಿ. ಗರಿ ಮಡಚಿಕೊಂಡು ದಾಟಿ ಮತ್ತೆ ನೆಟ್ಟಗಾಗ್ತದ. ಇವತ್ತಿನ ಬಾಣಕ್ಕೆ ಇರೋದು ಗಟ್ಟಿ ಪ್ಲಾಸ್ಟಿಕ್ ರೆಕ್ಕೆ, ಅದಕ್ಕೆ ವೇನ್ ಅಂತಾರ. ಅದು ಮಡಚಿಕೊಳ್ಳೋದಿಲ್ಲ, ಏನಾದ್ರೂ ತಾಗಿದರೆ ಬಾಣವನ್ನೇ ಪಕ್ಕಕ್ಕೆ ನೂಕ್ತದ. ಹಂಗಾಗಿ ಇವತ್ತಿನ ರೆಸ್ಟ್‌ಗೆ ಎರಡು ಕೆಲಸ: ಬಾಣವನ್ನು ಪ್ರತಿ ಸಲವೂ ಅದೇ ಜಾಗದಲ್ಲಿ ಹಿಡಿಯೋದು, ಆಮೇಲೆ ರೆಕ್ಕೆಗೆ ದಾರಿ ಬಿಡೋದು.

ರಬಕವಿ-ಬನಹಟ್ಟಿಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಗ್ಗದಾಗ ಲಾಳಿಗೆ ಪಿಕರ್ ಹೊಡೆತ ಕೊಡ್ತದ. ಆದ್ರ ಲಾಳಿ ನೆಟ್ಟಗೆ ಆ ಕಡೆ ಪೆಟ್ಟಿಗೆ ಸೇರಬೇಕಂದ್ರ ಅದು ಓಡೋ ಹಾದಿ ಸರಿ ಇರಬೇಕು. ಹಾದಿ ಒಂದಿಷ್ಟು ಸೊಟ್ಟಾದ್ರೂ ಲಾಳಿ ಹಾರಿ ಹೊರಗೆ ಬೀಳ್ತದ. ಬಿಲ್ಲಿನಾಗ ಹೊಡೆತ ಕೊಡೋದು ಹೆದೆ, ಹಾದಿ ತೋರಿಸೋದು ರೆಸ್ಟ್.

ಈಗ ಒಂದು ಸಣ್ಣ ಲೆಕ್ಕ. ಬಾಣ ಸೆಕೆಂಡಿಗೆ 80 ಮೀಟರ್ ವೇಗದಲ್ಲಿ ಹೊರಡ್ತದ ಅಂತ ಹಿಡೀರಿ. ಗಂಟೆಗೆ ಲೆಕ್ಕ ಹಾಕಿದರೆ 288 ಕಿಲೋಮೀಟರ್. ಹೆದೆ ಬಾಣವನ್ನು ದೂಡೋ ದೂರ ಸುಮಾರು ಅರ್ಧ ಮೀಟರ್. ವೇಗ ಸೊನ್ನೆಯಿಂದ ಒಂದೇ ಸಮ ಏರ್ತದ ಅಂತ ಹಿಡಿದರೆ ಸರಾಸರಿ ವೇಗ 40, ತಗೊಳ್ಳೋ ಹೊತ್ತು 12.5 ಮಿಲಿಸೆಕೆಂಡ್. ವೇಗೋತ್ಕರ್ಷ ಗುರುತ್ವದ ಸುಮಾರು 650 ಪಟ್ಟು. 25 ಗ್ರಾಂ ಬಾಣ ಹೊತ್ತುಕೊಂಡು ಹೋಗೋ ಶಕ್ತಿ 80 ಜೂಲ್. ರೆಸ್ಟ್ ತನ್ನ ಇಡೀ ಕೆಲಸವನ್ನು ಈ 12-14 ಮಿಲಿಸೆಕೆಂಡ್‌ನಾಗ ಮುಗಿಸಬೇಕು. ನಿಮ್ಮ ಕಣ್ರೆಪ್ಪೆ ಒಮ್ಮೆ ಮುಚ್ಚಿ ತೆರೆಯೋಕೆ ಇದರ ಹತ್ತು ಪಟ್ಟಾದ್ರೂ ಹೊತ್ತು ಬೇಕು.

ಬೆರಳಿನಿಂದ ಬಿಡ್ತೀರೋ, ರಿಲೀಸ್ ಎಯ್ಡ್‌ನಿಂದ ಬಿಡ್ತೀರೋ?

ರೆಸ್ಟ್ ಆರಿಸುವಾಗ ಮೊದಲ ಪ್ರಶ್ನೆ ಇದೇ. ಉಳಿದದ್ದೆಲ್ಲ ಆಮೇಲೆ.

ಬೆರಳಿನಿಂದ ಹೆದೆ ಬಿಟ್ಟರೆ ಅದು ಬೆರಳ ತುದಿಯನ್ನು ಸುತ್ತಿಕೊಂಡು ಜಾರ್ತದ, ಅಂದ್ರ ಸ್ವಲ್ಪ ಪಕ್ಕಕ್ಕೆ ಸರಿದು ಮುಂದಕ್ಕೆ ಹೋಗ್ತದ. ಬಾಣದ ಹಿಂಭಾಗವೂ ಅದರ ಜೊತೆ ಪಕ್ಕಕ್ಕೆ ಸರೀತದ. ಮುಂಭಾಗ ಇನ್ನೂ ನಿಂತಲ್ಲೇ ಇರ್ತದ. ಹಂಗಾಗಿ ಬಾಣ ಅಡ್ಡಡ್ಡ ಬಿಲ್ಲಿನಂತೆ ಬಾಗಿ, ಹಾವಿನಂತೆ ತೊನೆಯುತ್ತ ಹೋಗ್ತದ. ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಹೈಸ್ಪೀಡ್ ಕ್ಯಾಮೆರಾದಿಂದ ಇದನ್ನು ಸೆರೆ ಹಿಡಿದು ತೋರಿಸಿದರು. ಇಂಥ ಬಾಣಕ್ಕೆ ಪಕ್ಕದಿಂದ ಮೆತ್ತಗೆ ಒತ್ತಿ ಹಿಡಿಯೋ ಆಸರೆ ಬೇಕು. ಅದಕ್ಕ ರಿಕರ್ವ್ ಬಿಲ್ಲಿಗೆ ಸಣ್ಣ ತಂತಿಯ ರೆಸ್ಟ್, ಅದರ ಪಕ್ಕಕ್ಕೆ ಸ್ಪ್ರಿಂಗ್ ಇರುವ ಪ್ಲಂಜರ್ ಬಟನ್ ಹಾಕ್ತಾರ. ಪ್ಲಂಜರ್ ಅಂದ್ರ ಬಾಣಕ್ಕೊಂದು ಸಣ್ಣ ಶಾಕ್ ಅಬ್ಸಾರ್ಬರ್.

ರಿಲೀಸ್ ಎಯ್ಡ್ ಅಂದ್ರ ಹೆದೆಯನ್ನು ಕೊಕ್ಕೆಯಲ್ಲಿ ಹಿಡಿದು, ಟ್ರಿಗರ್ ಒತ್ತಿದಾಗ ಬಿಡುವ ಸಾಧನ. ಕಾಂಪೌಂಡ್ ಬಿಲ್ಲಿಗೆ ಇದನ್ನೇ ಬಳಸ್ತಾರ. ಇದರಲ್ಲಿ ಹೆದೆ ಪಕ್ಕಕ್ಕೆ ಸರಿಯೋದಿಲ್ಲ, ನೆಟ್ಟಗೆ ಮುಂದಕ್ಕೆ ಹೋಗ್ತದ. ಬಾಣ ಬಾಗೋದು ಹೆಚ್ಚಾಗಿ ಮೇಲೆ-ಕೆಳಗೆ. ಹಂಗಾಗಿ ಇದಕ್ಕೆ ಬೇಕಾದದ್ದು ಕೆಳಗಿನಿಂದ ಎತ್ತಿ ಹಿಡಿದು, ಆಮೇಲೆ ಕೆಳಕ್ಕೆ ಬಗ್ಗುವ ಇಲ್ಲವೇ ಬಿದ್ದುಬಿಡುವ ಆಸರೆ.

ಎರಡನ್ನೂ ಅದಲು-ಬದಲು ಮಾಡಿದರೆ ಗುರಿ ಕೂಡೋದಿಲ್ಲ. ಕಾಂಪೌಂಡ್ ಬಿಲ್ಲಿಗೆ ರಿಕರ್ವ್‌ನ ಅಂಟಿಸುವ ಪ್ಲಾಸ್ಟಿಕ್ ರೆಸ್ಟ್ ಹಚ್ಚಿ ರಿಲೀಸ್‌ನಿಂದ ಹೊಡೆದರೆ ಬಾಣ ಹೋಗ್ತದ, ಆದ್ರ ಒಂದೇ ಕಡೆ ಗುಂಪು ಕೂಡೋದು ಕಷ್ಟ. ಅಂಟಿಸುವ ರೆಸ್ಟ್‌ಗೆ ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿನಾಗ ಬಿಲ್ಲನ್ನು ಕಾರಿನೊಳಗೆ ಬಿಟ್ಟರೆ ಅಂಟು ಮೆತ್ತಗಾಗಿ ರೆಸ್ಟ್ ಜಾರ್ತದ. ಹಿಂದಿನ ದಿನ ಸರಿ ಇದ್ದ ಗುರಿ ಮರುದಿನ ಎರಡು ಗೇಣು ಪಕ್ಕಕ್ಕೆ.

ಕಾಂಪೌಂಡ್ ಬಿಲ್ಲಿನ ಮೂರು ರೆಸ್ಟ್‌ಗಳು

ಮೊದಲನೆಯದು ಬ್ರಷ್ ರೆಸ್ಟ್. ಗುಂಡನೆಯ ಬಳೆ, ಅದರೊಳಗೆ ಸುತ್ತಲೂ ಬ್ರಷ್ಷಿನ ಕೂದಲು, ನಡುವೆ ಬಾಣಕ್ಕೊಂದು ತೂತು. ಬಾಣ ಸುತ್ತಲೂ ಹಿಡಿದು ಕೂತಿರ್ತದ. ಬಿಲ್ಲನ್ನು ಓರೆ ಮಾಡಿದರೂ, ನಡೆದಾಡಿದರೂ ಬೀಳೋದಿಲ್ಲ. ಅಲುಗಾಡುವ ಭಾಗ ಒಂದೂ ಇಲ್ಲ, ಕೆಡೋಕೆ ಏನೂ ಇಲ್ಲ. ದರವೂ ಕಡಿಮೆ. ಆದ್ರ ರೆಕ್ಕೆ ಪ್ರತಿ ಸಲವೂ ಕೂದಲ ನಡುವೆ ತೂರಿಕೊಂಡೇ ಹೋಗಬೇಕು. ವೇಗ ಸ್ವಲ್ಪ ಕಮ್ಮಿ ಆಗ್ತದ, ರೆಕ್ಕೆ ಬೇಗ ಸವೀತದ, ಕೂದಲೂ ಕಾಲ ಕಳೆದಂತೆ ಬಾಗ್ತದ. ಮಳೆಗಾಲದ ಎರೆ ಮಣ್ಣು ಒಮ್ಮೆ ಕೂದಲಿಗೆ ಮೆತ್ತಿಕೊಂಡರೆ ತೊಳೆದು ಒಣಗಿಸೋತನಕ ಅಭ್ಯಾಸ ಬಂದ್.

ಎರಡನೆಯದು ಬ್ಲೇಡ್ ರೆಸ್ಟ್. ಸ್ಪ್ರಿಂಗ್ ಸ್ಟೀಲಿನ ತೆಳ್ಳನೆಯ ಪಟ್ಟಿ, ತುದಿಯಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂಥ ಕಚ್ಚು. ಬಾಣ ಆ ಕಚ್ಚಿನಲ್ಲಿ ಕೂಡ್ತದ. ಬಿಟ್ಟಾಗ ಪಟ್ಟಿ ಕೆಳಗೆ ಬಗ್ಗಿ ದಾರಿ ಬಿಡ್ತದ. ನಿಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದ ಕ್ಯಾಂಟಿಲಿವರ್ ಇದೇ. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿ ಏರ್ತದ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು 0.20, 0.25, 0.30 ಮಿ.ಮೀ. ದಪ್ಪದ ಬ್ಲೇಡ್. ನೋಡೋಕೆ ಎಲ್ಲ ಒಂದೇ. ಆದ್ರ 0.20ಕ್ಕಿಂತ 0.25 ಸುಮಾರು ಎರಡು ಪಟ್ಟು ಬಿಗಿ, 0.30 ಲೆಕ್ಕ ಹಾಕಿದರೆ ಸುಮಾರು 3.4 ಪಟ್ಟು. ಹಗುರ ಬಾಣಕ್ಕೆ ತೆಳು, ತೂಕದ ಬಾಣಕ್ಕೆ ದಪ್ಪ. ತೀರ ಬಿಗಿಯಾದರೆ ಬಾಣ ಅದರ ಮೇಲಿಂದ ಪುಟೀತದ, ತೀರ ಸಡಿಲಾದರೆ ಬಾಣ ಕೂತಾಗಲೇ ತೂಗಾಡ್ತದ. ಮೈದಾನದಲ್ಲಿ ಸ್ಪರ್ಧೆ ಆಡೋರಲ್ಲಿ ಭಾಳ ಮಂದಿ ಇದನ್ನೇ ನಂಬ್ತಾರ, ಯಾಕಂದ್ರ ಪ್ರತಿ ಸಲವೂ ಒಂದೇ ರೀತಿ ನಡ್ಕೊಳ್ತದ. ಕೊರತೆ ಅಂದ್ರ ಬಾಣವನ್ನು ಹಿಡಿದಿಟ್ಟುಕೊಳ್ಳೋದಿಲ್ಲ. ಕೈ ನಡುಗಿದರೆ, ಜೋರು ಗಾಳಿ ಬೀಸಿದರೆ ಬಾಣ ಜಾರ್ತದ.

ಮೂರನೆಯದು ಡ್ರಾಪ್-ಅವೇ, ಅಂದ್ರ ಬೀಳುವ ರೆಸ್ಟ್. ಬಿಲ್ಲು ಎಳೆದಾಗ ಎದ್ದು ನಿಂತು ಬಾಣ ಹಿಡೀತದ, ಬಿಟ್ಟಾಗ ಕೆಳಗೆ ಬೀಳ್ತದ. ರೆಕ್ಕೆಗೆ ಏನೂ ತಾಗೋದಿಲ್ಲ.

ಇಲ್ಲಿ ಒಂದು ಒಳ್ಳೇ ಪ್ರಶ್ನೆ ಇದೆ. ಬೀಳುವ ರೆಸ್ಟ್ ತನ್ನ ತೂಕಕ್ಕೆ ತಾನೇ ಬೀಳಬಹುದಲ್ಲ, ಅದಕ್ಕೆ ಸ್ಪ್ರಿಂಗು, ಹಗ್ಗ ಯಾಕೆ? ಲೆಕ್ಕ ಹಾಕಿ ನೋಡ್ರಿ. ಹೆದೆ ಬಿಟ್ಟಾಗಿನಿಂದ ರೆಕ್ಕೆ ರೆಸ್ಟ್ ಹತ್ತಿರ ಬರೋತನಕ ಸುಮಾರು 14 ಮಿಲಿಸೆಕೆಂಡ್. ಅಷ್ಟು ಹೊತ್ತಿನಾಗ ಗುರುತ್ವದಿಂದ ಒಂದು ವಸ್ತು ಬೀಳೋ ದೂರ 1 ಮಿ.ಮೀ.ಗೂ ಕಡಿಮೆ. ರೆಕ್ಕೆಯ ಎತ್ತರ 12 ಮಿ.ಮೀ. ಆಸುಪಾಸು. ಅಂದ್ರ ರೆಸ್ಟ್ ಇನ್ನೂ ಬೀಳೋಕೆ ಶುರು ಮಾಡೋದರೊಳಗೆ ರೆಕ್ಕೆ ಬಂದು ಗುದ್ದಿಬಿಡ್ತದ. ಅರ್ಧ ದಾರಿ ಬಾಣಕ್ಕೆ ಆಸರೆ ಕೊಟ್ಟು, ಉಳಿದ 7 ಮಿಲಿಸೆಕೆಂಡ್‌ನಾಗ 12 ಮಿ.ಮೀ. ಕೆಳಗೆ ಇಳೀಬೇಕಂದ್ರ ಗುರುತ್ವದ 50 ಪಟ್ಟು ವೇಗೋತ್ಕರ್ಷ ಬೇಕು. ಸ್ಪ್ರಿಂಗ್ ಇಲ್ಲದೆ, ಇಲ್ಲವೇ ಬಿಲ್ಲಿನ ಚಲನೆಗೇ ಕಟ್ಟದೆ ಇದು ಆಗೋ ಮಾತಲ್ಲ.

ಕಟ್ಟೋದರಲ್ಲಿ ಎರಡು ಪದ್ಧತಿ. ಒಂದರಲ್ಲಿ ರೆಸ್ಟ್‌ನ ದಾರ ಬಿಲ್ಲಿನ ಕೇಬಲ್‌ಗೆ ಕಟ್ಟಿರ್ತದ. ಎಳೆದಾಗ ಕೇಬಲ್ ಇಳಿದು ರೆಸ್ಟನ್ನು ಎತ್ತುತ್ತದ, ಬಿಟ್ಟಾಗ ಸ್ಪ್ರಿಂಗ್ ಅದನ್ನು ಕೆಳಗೆ ಎಳೀತದ. ಇನ್ನೊಂದರಲ್ಲಿ ದಾರ ಬಿಲ್ಲಿನ ತೋಳಿಗೆ, ಅಂದ್ರ ಲಿಂಬ್‌ಗೆ ಕಟ್ಟಿರ್ತದ. ಇಲ್ಲಿ ಎತ್ತೋದು ಸ್ಪ್ರಿಂಗ್, ಕೆಳಗೆ ಎಳೆಯೋದು ಲಿಂಬ್. ಲಿಂಬ್ ಪೂರ್ತಿ ವಾಪಸ್ ಬರೋತನಕ ರೆಸ್ಟ್ ಮೇಲೇ ಇರೋದರಿಂದ ಬಾಣಕ್ಕೆ ಹೆಚ್ಚು ಹೊತ್ತು ಆಸರೆ ಸಿಗ್ತದ. ಕೈ ಸ್ವಲ್ಪ ಅಲುಗಿದರೂ ಅದು ತಡ್ಕೊಳ್ತದ. ಎರಡರಲ್ಲೂ ದಾರದ ಉದ್ದವೇ ಟೈಮಿಂಗ್. ದಾರ ಸಡಿಲಾದರೆ ಟೈಮಿಂಗ್ ಹೋಯ್ತು, ಇಂಜಿನ್ನಿನ ವಾಲ್ವ್ ಟೈಮಿಂಗ್ ಹೋದಂಗ.

ಡ್ರಾಪ್-ಅವೇ ರೆಸ್ಟ್‌ಗಳಲ್ಲಿ ದರ ಹೆಚ್ಚು, ಬಿಡಿಭಾಗ ಹೆಚ್ಚು, ಕೆಟ್ಟರೆ ರಿಪೇರಿ ಮಾಡೋರು ನಮ್ಮ ಊರಾಗ ಸಿಗೋದು ಕಷ್ಟ. ಇದನ್ನೂ ಲೆಕ್ಕಕ್ಕೆ ಹಿಡೀರಿ.

ಬೇಟೆಗಾರನ ಸಮಸ್ಯೆ ಬ್ಯಾರೆ, ನಮ್ಮ ಸಮಸ್ಯೆ ಬ್ಯಾರೆ

ಹೊರದೇಶದ ಜಾಹೀರಾತುಗಳು ‘ಹಂಟಿಂಗ್ ರೆಸ್ಟ್’ ಅಂತ ಹೊಗಳೋ ಗುಣಗಳನ್ನು ಒಂದೊಂದಾಗಿ ನೋಡ್ರಿ. ಸದ್ದು ಬರಬಾರದು, ಯಾಕಂದ್ರ ಪ್ರಾಣಿ ಓಡಿಹೋಗ್ತದ. ಮರದ ಮೇಲೆ ಕೂತು ಕೆಳಕ್ಕೆ ಬಾಗಿ ಹೊಡೆದರೂ ಬಾಣ ಬೀಳಬಾರದು. ಬಾಣ ಹೂಡಿಕೊಂಡು ಗಂಟೆಗಟ್ಟಲೆ ಕಾಯೋಕೆ ಬರಬೇಕು. ಕತ್ತಲಲ್ಲೂ ಕೈಗೆ ಸಿಗಬೇಕು. ಇವೆಲ್ಲ ಬೇಟೆಗಾರನ ಸಮಸ್ಯೆಗಳು. ಅವನು ಇಡೀ ದಿನದಲ್ಲಿ ಒಂದು ಬಾಣ ಬಿಡಬಹುದು, ಬಿಡದೆಯೂ ಇರಬಹುದು.

ನಾವು ಸಮತಟ್ಟಾದ ಮೈದಾನದಾಗ ನೆಟ್ಟಗೆ ನಿಂತು, ಒಂದು ಸಂಜೆಗೆ 60-70 ಬಾಣ ಬಿಡ್ತೀವಿ. ಕಾಂಪೌಂಡ್ ಸ್ಪರ್ಧೆಯ ದೂರ 50 ಮೀಟರ್. ನಮಗೆ ಬೇಕಾದದ್ದು ಮೂರೇ: 70ನೇ ಬಾಣವೂ ಮೊದಲನೇ ಬಾಣದಂಗೇ ಹೋಗಬೇಕು, ರೆಕ್ಕೆ ಬೇಗ ಹಾಳಾಗಬಾರದು, ಏನಾದ್ರೂ ಸಡಿಲಾದರೆ ಅಲೆನ್ ಕೀ ಹಿಡಿದು ನಾವೇ ಬಿಗಿ ಮಾಡೋ ಹಂಗಿರಬೇಕು. ಬೇಟೆಗಾರನ ಸಮಸ್ಯೆಗೆ ಕಟ್ಟಿದ ದುಬಾರಿ ಉತ್ತರವನ್ನು ನಾವು ಯಾಕೆ ಕೊಳ್ಳಬೇಕು?

ಇದನ್ನು ಮನಸ್ಸಿನಾಗ ಇಟ್ಕೊಂಡರೆ ಆಯ್ಕೆ ಸುಲಭ.

ಈಗಷ್ಟೇ ಕಲಿಯೋಕೆ ಶುರು ಮಾಡಿದವರಿಗೆ, ಒಂದೇ ಬಿಲ್ಲನ್ನು ಕ್ಲಬ್ಬಿನ ನಾಲ್ಕೈದು ಮಂದಿ ಹಂಚಿಕೊಳ್ಳೋರಿಗೆ ಬ್ರಷ್ ರೆಸ್ಟ್. ಮೊದಲ ತಿಂಗಳುಗಳಲ್ಲಿ ಗುರಿ ತಪ್ಪೋದು ರೆಸ್ಟ್‌ನಿಂದ ಅಲ್ಲ, ನಿಲುವಿನಿಂದ. ಬಾಣ ಬೀಳೋದಿಲ್ಲ ಅನ್ನೋ ಧೈರ್ಯ ಆಗ ಎಲ್ಲಕ್ಕಿಂತ ದೊಡ್ಡದು.

ನಿಲುವು ಕೂತ ಮೇಲೆ, ಮೈದಾನದ ಸ್ಪರ್ಧೆಯೇ ಗುರಿ ಆಗಿದ್ದರೆ ಬ್ಲೇಡ್ ರೆಸ್ಟ್. ಎರಡು ದಪ್ಪದ ಬ್ಲೇಡ್ ತಂದಿಟ್ಟುಕೊಂಡರೆ ಬಾಣ ಬದಲಾದಾಗಲೂ ಹೊಂದಿಸಬಹುದು.

ಏರು-ತಗ್ಗಿನ ನೆಲದಲ್ಲಿ ಬೇರೆ ಬೇರೆ ದೂರಕ್ಕೆ ಹೊಡೆಯುವ ಫೀಲ್ಡ್ ಆರ್ಚರಿ, ಪ್ರಾಣಿಯ ಫೋಮ್ ಗೊಂಬೆಗಳಿಗೆ ಹೊಡೆಯುವ 3ಡಿ ಆರ್ಚರಿ ಆಡೋರಿಗೆ ಲಿಂಬ್‌ಗೆ ಕಟ್ಟುವ ಡ್ರಾಪ್-ಅವೇ. ಎತ್ತರದ ರೆಕ್ಕೆ ಇರುವ ಬಾಣ ಬಳಸೋರಿಗೂ ಇದೇ ಒಳ್ಳೇದು.

ಬೆರಳಿನಿಂದಲೇ ಹೊಡೀತೀನಿ ಅನ್ನೋರಿಗೆ ಇವು ಮೂರೂ ಅಲ್ಲ. ಅವರು ಮ್ಯಾಗ್ನೆಟಿಕ್ ತಂತಿ ರೆಸ್ಟ್ ಮತ್ತು ಪ್ಲಂಜರ್ ನೋಡಬೇಕು.

ಆರ್ಡರ್ ಒತ್ತುವ ಮುಂಚೆ

ದುಡ್ಡು ಕಳೆದುಕೊಳ್ಳೋದು ಹೆಚ್ಚಾಗಿ ಇಲ್ಲೇ. ನಾಲ್ಕು ವಿಷಯ ನೋಡ್ರಿ.

ಒಂದು, ಎಡಗೈಯೋ ಬಲಗೈಯೋ. ಬಲಗೈಯಿಂದ ಹೆದೆ ಎಳೆಯೋರ ಬಿಲ್ಲು ‘ರೈಟ್ ಹ್ಯಾಂಡ್’. ಬಿಲ್ಲು ಎಡಗೈಯಲ್ಲಿ ಹಿಡಿದಿರ್ತೀವಿ ಅಂತ ‘ಲೆಫ್ಟ್’ ಒತ್ತಿಬಿಡೋದು ಸುಲಭ. ಭಾಳ ರೆಸ್ಟ್‌ಗಳು ಒಂದೇ ಕೈಗೆ ಮಾಡಿದವು, ತಿರುಗಿಸಿ ಹಾಕೋಕೆ ಬರೋದಿಲ್ಲ.

ಎರಡು, ಹಚ್ಚುವ ಜಾಗ. ರೈಸರ್ ಅಂದ್ರ ಬಿಲ್ಲಿನ ಹಿಡಿ ಇರುವ ನಡುಭಾಗ. ಅದರಲ್ಲಿ ರೆಸ್ಟ್‌ಗೆ ಅಂತಲೇ ಥ್ರೆಡ್ ಇರುವ ತೂತು ಇರ್ತದ, ಅದಕ್ಕೆ ಬರ್ಗರ್ ಹೋಲ್ ಅಂತಾರ. ಕೆಲವು ಹೊಸ ಬಿಲ್ಲುಗಳಲ್ಲಿ ಇದರ ಜೊತೆಗೆ ರೈಸರ್‌ನ ಹಿಂಬದಿಗೆ ಪಾರಿವಾಳದ ಬಾಲದ ಆಕಾರದ ಗಾಡಿ, ಅಂದ್ರ ಡವ್‌ಟೇಲ್ ಇರ್ತದ. ಡವ್‌ಟೇಲ್‌ಗೆ ಮಾಡಿದ ರೆಸ್ಟ್ ಬರೀ ತೂತಿರೋ ಬಿಲ್ಲಿಗೆ ಕೂಡೋದಿಲ್ಲ. ನಿಮ್ಮ ಬಿಲ್ಲಿನ ಫೋಟೋ ಪಕ್ಕದಲ್ಲಿಟ್ಟುಕೊಂಡೇ ಹುಡುಕ್ರಿ.

ಮೂರು, ಬಾಣದ ದಪ್ಪ. ಸಣ್ಣ ವ್ಯಾಸದ ಬಾಣ ಅಗಲ ಕಚ್ಚಿನಲ್ಲಿ ಕೂತರೆ ಆಡ್ತದ. ಬ್ರಷ್ ರೆಸ್ಟ್‌ನ ತೂತೂ ಬಾಣಕ್ಕೆ ಸರಿ ಹೊಂದಬೇಕು.

ನಾಲ್ಕು, ಸರಿಹೊಂದಿಸುವ ತಿರುಪು. ಮೇಲೆ-ಕೆಳಗೆ, ಎಡ-ಬಲ ಎರಡಕ್ಕೂ ಬ್ಯಾರೆ ಬ್ಯಾರೆ ತಿರುಪು ಇರುವ ರೆಸ್ಟ್ ಆದ್ರ ಒಳ್ಳೇದು. ಒಂದೇ ಸ್ಕ್ರೂ ಸಡಿಲಿಸಿದರೆ ಎರಡೂ ಸರಿಯುವಂಥದ್ದು ತಗೊಂಡರೆ ಒಂದನ್ನು ಸರಿ ಮಾಡೋಕೆ ಹೋಗಿ ಇನ್ನೊಂದು ಕೆಡ್ತದ.

ಹಚ್ಚಿದ ಮೇಲೆ ಪರೀಕ್ಷೆ

ಮೊದಲ ಸೆಟ್ಟಿಂಗ್ ಹೀಗೆ. ಬಾಣ ಬರ್ಗರ್ ಹೋಲ್‌ನ ನಡುಮಟ್ಟಕ್ಕೆ ಹಾಯಬೇಕು, ಹೆದೆಗೆ 90 ಡಿಗ್ರಿ ಕೋನದಲ್ಲಿ ಇರಬೇಕು. ‘ಎಲ್’ ಆಕಾರದ ಅಳತೆಪಟ್ಟಿ ಇದ್ದರೆ ಸಾಕು. ಪಕ್ಕದಿಂದ ನೋಡಿದರೆ ರೈಸರ್‌ನಿಂದ ಬಾಣದ ನಡುವಿಗೆ ಭಾಳ ಕಾಂಪೌಂಡ್ ಬಿಲ್ಲುಗಳಲ್ಲಿ ಸುಮಾರು 20-21 ಮಿ.ಮೀ. ಇರ್ತದ. ನಿಮ್ಮ ಬಿಲ್ಲಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡೀರಿ.

ಆಮೇಲೆ ಪೇಪರ್ ಪರೀಕ್ಷೆ. ಒಂದು ಚೌಕಟ್ಟಿಗೆ ಹಳೇ ದಿನಪತ್ರಿಕೆ ಬಿಗಿಯಾಗಿ ಕಟ್ಟಿ, ಹಿಂದೆ ಗಟ್ಟಿ ಬಾಣದಿಂಬು ಇಟ್ಟು, ಸುಮಾರು 2 ಮೀಟರ್ ದೂರದಿಂದ ಹೊಡೀರಿ. ಹರಿದ ಗುರುತು ಓದ್ರಿ. ತುದಿ ಮಾಡಿದ ತೂತಿನ ಸುತ್ತಲೇ ಮೂರು ರೆಕ್ಕೆಯ ಸೀಳು ಇದ್ದರೆ ಬಾಣ ನೆಟ್ಟಗೆ ಹೋಗಿದೆ. ರೆಕ್ಕೆಯ ಗುರುತು ತುದಿಯ ತೂತಿಗಿಂತ ಮೇಲೆ ಇದ್ದರೆ ಬಾಲ ಎದ್ದಿದೆ, ರೆಸ್ಟ್ ಸ್ವಲ್ಪ ಮೇಲೆತ್ತಿ. ಕೆಳಗಿದ್ದರೆ ಇಳಿಸಿ. ಪಕ್ಕಕ್ಕೆ ಹರಿದಿದ್ದರೆ ಅರ್ಧ ಮಿ.ಮೀ. ಒಂದು ಕಡೆ ಸರಿಸಿ ಮತ್ತೆ ಹೊಡೆದು, ಸೀಳು ಸಣ್ಣದಾಯಿತೋ ದೊಡ್ಡದಾಯಿತೋ ನೋಡಿ ದಿಕ್ಕು ತೀರ್ಮಾನಿಸಿ. ಒಂದು ಸಲಕ್ಕೆ ಒಂದೇ ತಿರುಪು, ಲ್ಯಾಬಿನಾಗ ಒಂದು ಸಲಕ್ಕೆ ಒಂದೇ ವೇರಿಯಬಲ್ ಬದಲಿಸೋ ಹಂಗ. ಪ್ರತಿ ಸಲ ಮೂರು ಬಾಣ ಹೊಡೆದ ಮೇಲೆಯೇ ತೀರ್ಮಾನ.

ಎಷ್ಟು ಸರಿಸಿದರೂ ಸೀಳು ಹೋಗ್ತಿಲ್ಲ ಅಂದ್ರ ರೆಕ್ಕೆ ಎಲ್ಲೋ ತಾಗ್ತಿರಬಹುದು. ಆಗ ಪೌಡರ್ ಪರೀಕ್ಷೆ. ರೆಕ್ಕೆಗೆ ಮತ್ತು ಬಾಣದ ಹಿಂಭಾಗಕ್ಕೆ ಮುಖಕ್ಕೆ ಹಚ್ಚುವ ಪೌಡರನ್ನು ದಟ್ಟವಾಗಿ ಬಳಿದು ಹೊಡೀರಿ. ತಾಗಿದ ಕಡೆ ಪೌಡರ್ ಅಳಿಸಿರ್ತದ, ರೆಸ್ಟ್ ಮೇಲೆ ಬಿಳಿ ಗೆರೆ ಮೂಡಿರ್ತದ. ಡ್ರಾಪ್-ಅವೇ ರೆಸ್ಟ್‌ನಲ್ಲಿ ಇಂಥ ಗೆರೆ ಕಂಡರೆ ಎರಡು ಕಾರಣ ಇರಬಹುದು: ಬೀಳೋದು ತಡ ಆಗ್ತಿದೆ, ಇಲ್ಲವೇ ಬಿದ್ದದ್ದು ಪುಟಿದು ಮತ್ತೆ ಮೇಲೆ ಬರ್ತಿದೆ. ಮೊದಲನೆಯದಕ್ಕೆ ದಾರದ ಉದ್ದ ನೋಡ್ರಿ, ಎರಡನೆಯದಕ್ಕೆ ಬೀಳೋ ಜಾಗಕ್ಕೆ ಮೆತ್ತನೆಯ ಫೆಲ್ಟ್ ಅಂಟಿಸ್ರಿ.

ಎಲ್ಲ ಸರಿಯಾದ ಮೇಲೆ ರೆಸ್ಟ್ ಇರುವ ಜಾಗಕ್ಕೆ ರೈಸರ್ ಮೇಲೆ ಸಣ್ಣ ಪೆನ್ಸಿಲ್ ಗೆರೆ ಎಳೀರಿ, ಫೋನಿನಾಗ ಫೋಟೋ ತಗೊಂಡು ಇಟ್ಕೊಳ್ರಿ. ಸ್ಕ್ರೂ ಸಡಿಲಾದರೆ ಆ ಗೆರೆ ನೋಡಿ ಎರಡು ನಿಮಿಷದಾಗ ವಾಪಸ್ ತರಬಹುದು.

ಕೈಗೂ, ಮಂದಿಗೂ ಕೆಲವು ಮಾತು

ಪೂರ್ತಿ ಎಳೆದ ಮೇಲೆ ಬಾಣ ರೆಸ್ಟ್‌ನಿಂದ ಜಾರಿತು ಅಂದ್ರ ಬಿಡಬ್ಯಾಡ್ರಿ. ಬಿಲ್ಲನ್ನು ಗುರಿಯ ಕಡೆಗೇ ಇಟ್ಟುಕೊಂಡು ನಿಧಾನಕ್ಕೆ ಹೆದೆ ವಾಪಸ್ ಇಳಿಸ್ರಿ. ಜಾರಿದ ಬಾಣ ರೈಸರ್‌ಗೆ ಬಡಿದು ಒಡೆದರೆ ಕಾರ್ಬನ್ ಸೀಳು ಬಿಲ್ಲು ಹಿಡಿದ ಕೈಗೇ ನೆಡ್ತದ. ಪ್ರತಿ ಬಾಣವನ್ನೂ ಹೂಡುವ ಮುಂಚೆ ಸ್ವಲ್ಪ ಬಾಗಿಸಿ, ಬಿರುಕು ಇದೆಯೋ ನೋಡೋ ಅಭ್ಯಾಸ ಮಾಡ್ಕೊಳ್ರಿ. ಬಾಣ ಇಲ್ಲದೆ ಬರೀ ಹೆದೆ ಎಳೆದು ಬಿಡೋದಂತೂ ಬೇಡವೇ ಬೇಡ. ಬಾಣಕ್ಕೆ ಹೋಗಬೇಕಾದ 80 ಜೂಲ್ ಬಿಲ್ಲಿನ ತೋಳಿಗೇ ಬಡೀತದ.

ಕೊನೆಗೆ ಜಾಗದ ಮಾತು. ನಮ್ಮ ಕಡೆ ಊರ ಹೊರಗೆ ಬಯಲು ಅಂದ್ರ ಅದರ ಪಕ್ಕ ಕಬ್ಬಿನ ಹೊಲ. ಆಳೆತ್ತರ ದಾಟಿದ ಕಬ್ಬಿನೊಳಗೆ ನೀರು ಹಾಯಿಸೋರು, ಕಳೆ ತೆಗೆಯೋರು ಇದ್ದರೂ ಹೊರಗೆ ನಿಂತವರಿಗೆ ಕಾಣೋದಿಲ್ಲ. ಸೆಕೆಂಡಿಗೆ 80 ಮೀಟರ್ ವೇಗದ ಬಾಣ 45 ಡಿಗ್ರಿಯಲ್ಲಿ ಮೇಲೆದ್ದರೆ, ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ 650 ಮೀಟರ್ ಹೋಗ್ತದ. ಗಾಳಿ ತಡೆದರೂ ನೂರಾರು ಮೀಟರ್ ದಾಟೋದು ಖರೆ. ಕಬ್ಬಿನ ಹೊಲ ಬಾಣ ನಿಲ್ಲಿಸೋ ಗೋಡೆ ಅಲ್ಲ. ಹಿಂದೆ ಮಣ್ಣಿನ ದಿಬ್ಬ ಇರುವ ಜಾಗ, ಕಾಲೇಜಿನ ಅನುಮತಿ, ಗೊತ್ತಿರುವ ತರಬೇತುದಾರರು, ಈ ಮೂರೂ ಇಲ್ಲದೆ ಬಿಲ್ಲನ್ನು ಬ್ಯಾಗಿನಿಂದ ತೆಗೀಬ್ಯಾಡ್ರಿ. ಬೇಟೆಗೆ ಬಳಸುವ ಬ್ಲೇಡಿನ ತುದಿ ಇದ್ದರೆ ಅದನ್ನು ಬಿಚ್ಚಿಟ್ಟು, ಮೈದಾನದ ಗುಂಡು ತುದಿ ಹಾಕ್ರಿ.

ರೆಸ್ಟ್ ಬಿಲ್ಲಿನಾಗ ಒಂದು ಸಣ್ಣ ಭಾಗ. ಹೆದೆ ಬಿಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇರೋದಿಲ್ಲ, ಮುಂದಿನ 14 ಮಿಲಿಸೆಕೆಂಡ್ ಎಲ್ಲಾ ಅದರದ್ದೇ. ಹೆಂಗ ಬಿಡ್ತೀರಿ, ಎಲ್ಲಿ ಹೊಡೀತೀರಿ, ಕೆಟ್ಟರೆ ಯಾರು ರಿಪೇರಿ ಮಾಡ್ತಾರ, ಈ ಮೂರು ಪ್ರಶ್ನೆಗೆ ಮೊದಲು ಉತ್ತರ ಬರೀರಿ. ದರಪಟ್ಟಿ ಆಮೇಲೆ ತೆಗೀರಿ.